ಹುತ್ತದೊಳಗಿನ ಹೊಲ

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿ. ಮುಂಗಾರಿಗೆ ಇನ್ನೂ ಒಂದೆರಡು ವಾರವಿತ್ತು. ಹೊಲವನ್ನು ಮಟ್ಟ ಮಾಡಲು ಬಂದಿದ್ದ ಯಂತ್ರವೊಂದು ಆಳೆತ್ತರದ ಹುತ್ತವನ್ನು ನಡುವೆ ಸೀಳಿ ನಿಂತಿತ್ತು. ನಮ್ಮ ಬಸ್ಸು ಕೆಟ್ಟು ನಿಂತದ್ದರಿಂದ ನಮಗೂ ಬೇರೆ ಕೆಲಸವಿರಲಿಲ್ಲ; ಇಳಿದು ನೋಡಿದೆವು. ಹಾವು ಹೊರಬಂದೀತೆಂದು ಹತ್ತು ಹೆಜ್ಜೆ ದೂರದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ ಜನಕ್ಕೆ ಕೊಂಚ ನಿರಾಶೆಯೇ ಆಯಿತೆನ್ನಬೇಕು. ಹಾವು ಇರಲಿಲ್ಲ. ಸೀಳಿದ ಮಣ್ಣಿನಲ್ಲಿ ಗೂಡುಗೂಡಾಗಿ ಕೋಣೆಗಳಿದ್ದವು. ಒಂದೊಂದು ಕೋಣೆಯಲ್ಲಿಯೂ ಅಕ್ರೋಟಿನ ತಿರುಳಿನಂತೆ ಸುರುಳಿ ಸುರುಳಿಯಾದ, ಕಂದುಬಣ್ಣದ, ಮುಟ್ಟಿದರೆ ಪುಡಿಯಾಗುವ ಏನೋ ಒಂದು ವಸ್ತು. ಅದರ ಮೈಮೇಲೆ ಗಸಗಸೆ ಚೆಲ್ಲಿದಂತೆ ಬಿಳಿಯ ಗುಂಡುಗಳು. "ಗೆದ್ದಲಿನ ಮೊಟ್ಟೆ" ಎಂದರು ಒಬ್ಬರು. ಉಳಿದವರೆಲ್ಲ ತಲೆಯಾಡಿಸಿದರು.

ಅವು ಮೊಟ್ಟೆಗಳಲ್ಲ. ಅದು ಬೆಳೆ. ಆ ಕೋಣೆಗಳು ಹೊಲಗಳು. ಮಟ್ಟ ಮಾಡಿಸುತ್ತಿದ್ದ ರೈತನಿಗೆ ತಾನು ಇನ್ನೊಬ್ಬ ರೈತನ ಜಮೀನನ್ನು ಕೆಡವುತ್ತಿದ್ದೇನೆಂಬುದು ತಿಳಿದಿರಲಿಲ್ಲ.

ಕೀಟಗಳು ಬೇಸಾಯ ಮಾಡುತ್ತವೆಂದರೆ ವಾಚಕರಲ್ಲಿ ಹಲವರಿಗೆ ನೆನಪಾಗುವುದು ಅಮೆರಿಕ ಖಂಡದ ಎಲೆಕತ್ತರಿ ಇರುವೆ. ಎಲೆಯ ತುಂಡುಗಳನ್ನು ಕೊಡೆಯಂತೆ ತಲೆಯ ಮೇಲೆ ಹಿಡಿದು ಸಾಲುಗಟ್ಟಿ ನಡೆಯುವ ಅವುಗಳ ಚಿತ್ರವನ್ನು ನೋಡದವರು ಕಡಮೆ. ಅವು ಆ ಎಲೆಗಳನ್ನು ತಿನ್ನುವುದಕ್ಕೆಂದೇ ಒಯ್ಯುತ್ತವೆಂದು ಬಹುಕಾಲ ಎಲ್ಲರೂ ನಂಬಿದ್ದರು. ನಿಕರಾಗುವದಲ್ಲಿ ಗಣಿಯ ಕೆಲಸ ನೋಡಿಕೊಳ್ಳುತ್ತಿದ್ದ ಥಾಮಸ್ ಬೆಲ್ಟ್ ಎಂಬ ಆಂಗ್ಲೇಯನು 1874ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಎಲೆ ಬರಿಯ ಗೊಬ್ಬರವೆಂದೂ ಅದರ ಮೇಲೆ ಬೆಳೆಯುವ ಬೂಷ್ಟೇ ಇರುವೆಯ ಆಹಾರವೆಂದೂ ಊಹಿಸಿದನು. ಅವನ ಊಹೆ ನಿಜವೆಂದು ಮುಂದೆ ಸಿದ್ಧವಾಯಿತು. ಆ ಇರುವೆಗಳ ವಂಶ ಸುಮಾರು 6.6 ಕೋಟಿ ವರ್ಷಗಳಿಂದ ಈ ಉದ್ಯೋಗದಲ್ಲಿದೆಯೆಂದು ಈಗಿನ ವಿಜ್ಞಾನಿಗಳ ಲೆಕ್ಕ. ಮನುಷ್ಯ ಉಳುಮೆಗೆ ತೊಡಗಿ ಹೆಚ್ಚೆಂದರೆ ಹನ್ನೆರಡು ಸಾವಿರ ವರ್ಷ.

ಆದರೆ ಆ ಇರುವೆಗಳು ನಮ್ಮ ನಾಡಿನಲ್ಲಿಲ್ಲ. ಏಷ್ಯದಲ್ಲಿಯೇ ಇಲ್ಲ. ಇಲ್ಲಿ ಆ ಕಸುಬನ್ನು ಹಿಡಿದಿರುವುದು ಗೆದ್ದಲು. ಬಿಳಿ ಇರುವೆಯೆಂದು ಕರೆಸಿಕೊಂಡರೂ ಗೆದ್ದಲಿಗೂ ಇರುವೆಗೂ ನೆಂಟಸ್ತಿಕೆಯಿಲ್ಲ. ಅದರ ದಾಯಾದಿ ನಮ್ಮ ಅಡಿಗೆಮನೆಯ ಜಿರಳೆ. ಸುಮಾರು 3 ಕೋಟಿ ವರ್ಷಗಳ ಹಿಂದೆ ಆಫ್ರಿಕದಲ್ಲಿ ಗೆದ್ದಲಿನ ಒಂದು ವಂಶ ಬೂಷ್ಟನ್ನು ಬೆಳೆದುಣ್ಣಲು ಕಲಿತು, ಅಲ್ಲಿಂದ ಏಷ್ಯಕ್ಕೆ ಹರಡಿತು. ಇರುವೆಯಿಂದ ಗೆದ್ದಲು ಕಲಿತದ್ದಲ್ಲ, ಗೆದ್ದಲಿನಿಂದ ಇರುವೆ ಕಲಿತದ್ದೂ ಅಲ್ಲ. ನಡುವೆ ಸಾಗರವಿತ್ತು.

ಇನ್ನೊಂದು ಸಂಗತಿಯನ್ನು ನಮ್ಮವರು ಹೆಚ್ಚಾಗಿ ಹೇಳುವುದಿಲ್ಲ. ಬೆಲ್ಟನಿಗಿಂತ ಸುಮಾರು ನೂರು ವರ್ಷ ಮೊದಲೇ, ನಮ್ಮ ದಕ್ಷಿಣದೇಶದಲ್ಲಿ ಒಬ್ಬನು ಇದನ್ನು ಕಂಡಿದ್ದ. ಸಸ್ಯಗಳಿಗೆ ಹೆಸರಿಟ್ಟ ಲಿನೇಯಸನ ಶಿಷ್ಯ ಯೋಹಾನ್ ಗೆರ್ಹಾರ್ಡ್ ಕೋನಿಗ್ ವೈದ್ಯನಾಗಿ ತರಂಗಂಬಾಡಿಗೆ ಬಂದವನು. ತಂಜಾವೂರಿನ ಸೀಮೆಯಲ್ಲಿ ಹುತ್ತಗಳನ್ನು ಅಗೆದು ನೋಡಿ, ಒಳಗಿನ ಬೂಷ್ಟಿನ ತಟ್ಟೆಗಳನ್ನು 1779ರಲ್ಲಿ ಜರ್ಮನ್ ಭಾಷೆಯ ಲೇಖನವೊಂದರಲ್ಲಿ ಬಣ್ಣಿಸಿದನು. ಹುತ್ತದ ಹೊಲವನ್ನು ಶಾಸ್ತ್ರಲೋಕ ಮೊದಲು ಕಂಡದ್ದು ನಮ್ಮ ನೆರೆಯಲ್ಲಿ ಎಂದಾಯಿತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕೆಮ್ಮಣ್ಣಿನ ಬಯಲಿನಲ್ಲಿ ಕಾಣುವ, ಗೋಪುರದಂತೆ ಏಣುಏಣಾಗಿ ಮೇಲೆದ್ದ ಹುತ್ತವನ್ನು ಕಟ್ಟುವ ಗೆದ್ದಲಿಗೆ ಓಡಂಟೋಟರ್ಮಿಸ್ ಒಬೀಸಸ್ ಎಂದು ಶಾಸ್ತ್ರದ ಹೆಸರು. ಅದು ಬೆಳೆಯುವ ಬೆಳೆ ಟರ್ಮಿಟೋಮೈಸಿಸ್. ಗೆದ್ದಲಿನ ಅಣಬೆ ಎಂದರ್ಥ. 1942ರಲ್ಲಿ ರೋಜರ್ ಹೈಮ್ ಎಂಬ ಫ್ರೆಂಚ್ ವಿದ್ವಾಂಸ ಇಟ್ಟ ಹೆಸರು ಇದು.

ಈ ಬೇಸಾಯ ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಣ ಕಡ್ಡಿ, ತರಗೆಲೆ, ಹುಲ್ಲು, ಸಗಣಿ, ತೊಗಟೆ ಇವು ಗೆದ್ದಲಿಗೆ ಸಿಕ್ಕುವ ಪದಾರ್ಥ. ಇವುಗಳಲ್ಲಿ ಸತ್ತ್ವ ಉಂಟು, ಆದರೆ ಅದು ಲಿಗ್ನಿನ್ ಎಂಬ ಗಟ್ಟಿ ವಸ್ತುವಿನಲ್ಲಿ ಬೀಗ ಹಾಕಿದಂತೆ ಸಿಕ್ಕಿಕೊಂಡಿದೆ. ಬೀಗ ತೆಗೆಯುವ ಶಕ್ತಿ ಗೆದ್ದಲಿನ ಹೊಟ್ಟೆಗಿಲ್ಲ, ಬೂಷ್ಟಿಗೆ ಉಂಟು. ವಯಸ್ಸಾದ ಕೆಲಸಗಾರ ಗೆದ್ದಲುಗಳು ಹೊರಗಿನಿಂದ ಮೇವನ್ನು ತರುತ್ತವೆ. ಗೂಡಿನಲ್ಲಿಯೇ ಇರುವ ಎಳೆಯ ಕೆಲಸಗಾರರು ಅದನ್ನು ಬೂಷ್ಟಿನ ಬಿಳಿಯ ಗುಂಡುಗಳೊಡನೆ ನುಂಗುತ್ತವೆ. ಹೇಳಲು ಕೊಂಚ ಸಂಕೋಚವಾದರೂ ಹೇಳಲೇಬೇಕು: ಆ ಮೇವು ಎಳೆಯವರ ಹೊಟ್ಟೆಯನ್ನು ಹಾದು ಬೇಗನೆ ಹೊರಬೀಳುತ್ತದೆ. ಅದರೊಳಗೆ ಬೂಷ್ಟಿನ ಬೀಜಾಣುಗಳು ಜೀರ್ಣವಾಗದೆ ಉಳಿದಿರುತ್ತವೆ. ಅದನ್ನೇ ಹೊಲದ ಮೇಲ್ತುದಿಗೆ ಮೆತ್ತುತ್ತವೆ. ಬಿತ್ತನೆ, ಗೊಬ್ಬರ ಎರಡೂ ಒಂದೇ ಕೆಲಸದಲ್ಲಿ ಮುಗಿದವು. ಬೀಜಾಣು ಮೊಳೆತು ನೂಲಿನಂತೆ ಹಬ್ಬಿ, ಮರದ ಗಟ್ಟಿ ಅಂಶವನ್ನೆಲ್ಲ ಕರಗಿಸಿ ಮೆತ್ತಗೆ ಮಾಡುತ್ತದೆ. ಮೇಲೆ ಹೊಸ ಬಿಳಿಗುಂಡುಗಳು ಏಳುತ್ತವೆ. ಕೆಲವು ವಾರಗಳು ಕಳೆದ ಮೇಲೆ ತಟ್ಟೆಯ ಕೆಳಗಿನ ಹಳೆಯ ಭಾಗ ಹದವಾಗಿ ಪಕ್ವವಾಗಿರುತ್ತದೆ. ಅದನ್ನು ಹಿರಿಯರು ತಿನ್ನುತ್ತಾರೆ. ಮೇಲೆ ಕಟ್ಟುತ್ತ, ಕೆಳಗೆ ಉಣ್ಣುತ್ತ ತಟ್ಟೆ ಎಂದೂ ಮುಗಿಯದೆ ನಡೆಯುತ್ತದೆ. ಅದರ ಊಟ ನಮ್ಮ ಇಡ್ಲಿಯ ಹಿಟ್ಟಿಗೆ ಹತ್ತಿರ ಎಂದರೆ ತಪ್ಪಾಗದು: ಹುದುಗು ಬರದ ಪದಾರ್ಥ ಅದಕ್ಕೆ ಒಗ್ಗದು.

ಹುದುಗಿಗೆ ಹದವಾದ ಬೆಚ್ಚಗೆ ಬೇಕು, ತೇವ ಬೇಕು, ಗಾಳಿಯೂ ಆಡಬೇಕು. ಬೂಷ್ಟೂ ಗೆದ್ದಲೂ ಬಿಡುವ ಉಸಿರು ಒಳಗೆ ತುಂಬಿದರೆ ಎರಡೂ ಕೆಡುತ್ತವೆ. ಕಿಟಕಿಯಿಲ್ಲದ ಆ ಮಣ್ಣಿನ ಗೋಪುರಕ್ಕೆ ಗಾಳಿ ಹೇಗೆ? ನಮ್ಮ ದಕ್ಷಿಣ ಭಾರತದ ಹುತ್ತಗಳಲ್ಲಿಯೇ ಅಳತೆ ಮಾಡಿ 2015ರಲ್ಲಿ ವಿಜ್ಞಾನಿಗಳು ಇದಕ್ಕೆ ಉತ್ತರ ಕೊಟ್ಟರು. ಹಗಲು ಹೊರಗಿನ ತೆಳ್ಳನೆಯ ಏಣುಗಳು ಬೇಗ ಕಾಯುತ್ತವೆ. ಅವುಗಳೊಳಗಿನ ಗಾಳಿ ಮೇಲೇರಿ, ನಡುವಿನ ತಂಪಾದ ಗಾಳಿ ಕೆಳಗಿಳಿಯುತ್ತದೆ. ರಾತ್ರಿ ಏಣುಗಳು ಬೇಗ ಆರುತ್ತವೆ. ಗಾಳಿಯ ಹರಿವು ತಿರುವುಮುರುವಾಗುತ್ತದೆ. ಹಗಲಿರುಳಿನ ವ್ಯತ್ಯಾಸವೇ ಅದಕ್ಕೆ ತಿದಿ. ನಂದಿಬೆಟ್ಟದ ತಪ್ಪಲಿನ ಚಳಿಗಾಲದ ರಾತ್ರಿಗಳನ್ನು ಬಲ್ಲವರಿಗೆ ಆ ತಿದಿಯ ಬಲ ಎಷ್ಟಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕಳೆಯ ಮಾತು. ಶಿಡ್ಲಘಟ್ಟದ ರೇಷ್ಮೆಯ ಮನೆಗಳಲ್ಲಿ ಬೂಷ್ಟೆಂದರೆ ಎದೆ ನಡುಗುತ್ತದೆ. ಹುಳು ಬಿಳುಪೇರಿ ಸುಣ್ಣದ ಕಡ್ಡಿಯಂತೆ ಗಟ್ಟಿಯಾಗಿ ಸಾಯುವ ಸುಣ್ಣಕಟ್ಟು ರೋಗವನ್ನು ತರುವುದು ಒಂದು ಜಾತಿಯ ಬೂಷ್ಟೇ. ಇಟಲಿಯ ಅಗೊಸ್ಟೀನೊ ಬಾಸ್ಸಿ ಇದನ್ನು 1835ರಲ್ಲಿ ತೋರಿಸಿಕೊಟ್ಟನು. ಕಣ್ಣಿಗೆ ಕಾಣದ ಜೀವಿ ಪ್ರಾಣಿಗೆ ರೋಗ ತರಬಲ್ಲುದೆಂಬುದಕ್ಕೆ ಜಗತ್ತಿಗೆ ಸಿಕ್ಕಿದ ಮೊದಲ ಪುರಾವೆಗಳಲ್ಲಿ ಅದೊಂದು. ಆದ್ದರಿಂದ ಹುಳು ಸಾಕುವ ಮನೆಯಲ್ಲಿ ತೊಳೆದದ್ದೇ ತೊಳೆದದ್ದು. ರೋಗದ ಹುಳುವನ್ನು ಆರಿಸಿ ತೆಗೆದು ಸುಡುವುದು ಅಥವಾ ಹೂಳುವುದು. ಹುತ್ತದ ಒಕ್ಕಲಿಗೂ ಇದೇ ಕಷ್ಟ. ಸೂಡೋಕ್ಸೈಲೇರಿಯ ಎಂಬ ಕಳೆಬೂಷ್ಟು ಅದರ ತಟ್ಟೆಗಳಲ್ಲಿ ಸದಾ ಹೊಂಚುಹಾಕಿಕೊಂಡಿರುತ್ತದೆ. ಗೆದ್ದಲು ಜಾಗರೂಕವಾಗಿರುವವರೆಗೆ ತಲೆಯೆತ್ತದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರೂ ಅವರ ಸಂಗಡಿಗರೂ ಇದೇ ಓಡಂಟೋಟರ್ಮಿಸ್ ಒಬೀಸಸ್ ಗೆದ್ದಲಿನ ಮುಂದೆ ಬೆಳೆಯನ್ನೂ ಕಳೆಯನ್ನೂ ಇಟ್ಟು ನೋಡಿದರು. ಕುರುಡಾದ ಆ ಕೆಲಸಗಾರರು ವಾಸನೆಯಿಂದಲೇ ಎರಡರ ಭೇದವನ್ನು ಅರಿತು, ಕಳೆಯ ಮೇಲೆ ಹೆಚ್ಚು ಮಣ್ಣು ತಂದು ಸುರಿದು ಹೂತುಬಿಟ್ಟವೆಂದು 2017ರಲ್ಲಿ ಪ್ರಕಟಿಸಿದರು. ರೇಷ್ಮೆಯ ಮನೆಯ ಒಡತಿ ಇದನ್ನು ಓದಿದರೆ ತನ್ನ ಕೈಯ ಕೆಲಸವನ್ನೇ ಗುರುತಿಸಿಯಾಳು.

ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಿಪ್ಪುನೇರಳೆಯನ್ನು ಇಲ್ಲಿ ಬೀಜದಿಂದ ಬೆಳೆಸುವುದಿಲ್ಲ, ಕಡ್ಡಿ ನೆಟ್ಟು ಬೆಳೆಸುತ್ತಾರೆ. ವಿ-1 ತಳಿಯ ತೋಟವೆಂದರೆ ಗಿಡಗಳೆಲ್ಲ ಒಂದೇ ಗಿಡದ ತುಂಡುಗಳು. ಹುತ್ತದಲ್ಲಿಯೂ ಹಾಗೆಯೇ. ಒಂದು ಹುತ್ತದ ತಟ್ಟೆಗಳು ನೂರಿದ್ದರೂ ಅವುಗಳಲ್ಲಿರುವುದು ಒಂದೇ ಬೂಷ್ಟಿನ ಸಂತತಿ. ಮೊದಲು ಹಲವು ತಳಿಗಳ ಬೀಜಾಣು ಬಂದು ಬಿದ್ದರೂ, ಹೆಚ್ಚು ಗುಂಡು ಬಿಡುವುದು ಹೆಚ್ಚಾಗಿ ಬಿತ್ತನೆಯಾಗಿ, ಕಡೆಗೆ ಒಂದೇ ತಳಿ ಉಳಿಯುತ್ತದೆ.

ಈಗ ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗವಾಗಿ ಕಂಡ ಭಾಗಕ್ಕೆ ಬರುತ್ತೇನೆ. ಹೊಸದಾಗಿ ಸಂಸಾರ ಹೂಡುವ ಹೆಣ್ಣುಮಗಳು ಮೊಸರಿಗೆ ಹೆಪ್ಪನ್ನು ಎಲ್ಲಿಂದ ತರಬೇಕು? ತವರಿನಿಂದ ಒಯ್ಯಬೇಕು, ಇಲ್ಲವೆ ನೆರೆಮನೆಯವರನ್ನು ಕೇಳಬೇಕು. ಬೇಸಾಯಗಾರ ಕೀಟಗಳಲ್ಲಿಯೂ ಎರಡೂ ಪದ್ಧತಿ ಉಂಟು. ಅಮೆರಿಕದ ಇರುವೆಯ ರಾಣಿ ತವರುಗೂಡನ್ನು ಬಿಡುವಾಗ ಬೂಷ್ಟಿನ ಒಂದು ತುಣುಕನ್ನು ಬಾಯೊಳಗಿನ ಪುಟ್ಟ ಚೀಲದಲ್ಲಿ ಇಟ್ಟುಕೊಂಡೇ ಹಾರುತ್ತದೆ. ನಮ್ಮ ಹುತ್ತದ ಗೆದ್ದಲಿನ ರಾಣಿ ಹಾಗಲ್ಲ. ಅದು ಬರಿಗೈಯಲ್ಲಿ ಹೊರಡುತ್ತದೆ.

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯ ಈಸಲು ಹುಳುಗಳನ್ನು ಯಾರು ಕಂಡಿಲ್ಲ? ಗೃಹಿಣಿಯರು ದೀಪ ಆರಿಸಿ ಗೊಣಗಿಕೊಳ್ಳುವ ಆ ಹುಳುಗಳು ಹುತ್ತದ ಮದುಮಕ್ಕಳು. ನಮ್ಮ ಈ ಗಡಿಸೀಮೆಯಲ್ಲಿ ತೆಲುಗು ಮಾತಿನವರು ಇವನ್ನು ಉಸಿಳ್ಳು ಎನ್ನುತ್ತಾರೆ. ಹುತ್ತದ ಬಾಯಲ್ಲಿ ಹಿಡಿದು, ಹುರಿದು, ಪುರಿಯೊಡನೆ ಬೆರೆಸಿ ತಿನ್ನುವ ರೂಢಿ ಹಳ್ಳಿಗಳಲ್ಲಿ ಉಂಟು. ಕಾಗೆ, ಓತಿ, ಕಪ್ಪೆಗಳಿಗೆ ಅಂದು ಹಬ್ಬ. ಇಷ್ಟು ಬಾಯಿಗಳಿಂದ ತಪ್ಪಿಸಿಕೊಂಡ ಎಲ್ಲೋ ಕೆಲವು ಜೋಡಿಗಳು ರೆಕ್ಕೆ ಕಳಚಿ, ಒಂದರ ಹಿಂದೊಂದು ನಡೆದು, ತೇವದ ಮಣ್ಣಿನಲ್ಲಿ ಪುಟ್ಟ ಕೋಣೆ ತೋಡಿ ಬಾಗಿಲು ಮುಚ್ಚಿಕೊಳ್ಳುತ್ತವೆ. ಒಳಗೆ ಹೆಪ್ಪಿಲ್ಲ, ಹೊಲವಿಲ್ಲ. ತಮ್ಮ ಮೈಯ ಕೊಬ್ಬನ್ನೇ ಕರಗಿಸಿ ಮೊದಲ ಮರಿಗಳನ್ನು ಸಾಕುತ್ತವೆ. ಆ ಮರಿಗಳು ಬೆಳೆದು ಹೊರಗೆ ಹೊರಟಾಗ ಮೇವಿನೊಡನೆ ಬೀಜಾಣುವನ್ನೂ ತರಬೇಕು. ತರದಿದ್ದರೆ ಆ ಸಂಸಾರ ಅಲ್ಲಿಗೆ ಮುಗಿಯಿತು.

ಬೀಜಾಣು ಎಲ್ಲಿಂದ ಬರಬೇಕು? ನೆರೆಯ ಹಳೆಯ ಹುತ್ತಗಳಿಂದ. ಈಸಲು ಹಾರಿದ ಕೆಲವು ವಾರಗಳ ಮೇಲೆ, ಮಳೆ ಹಿಡಿದ ದಿನಗಳಲ್ಲಿ, ಹಳೆಯ ಹುತ್ತದ ಹೊಲದಿಂದ ಅಣಬೆ ಎದ್ದು ಬರುತ್ತದೆ. ನೆಲದಾಳದ ತಟ್ಟೆಯಿಂದ ಬೇರಿನಂಥ ಉದ್ದನೆಯ ಕಾಲನ್ನು ಚಾಚಿ, ಟೋಪಿಯ ಚೂಪಾದ ಮೊನೆಯಿಂದ ಗಟ್ಟಿ ಮಣ್ಣನ್ನು ತೂತು ಕೊರೆದು ಮೇಲೆದ್ದು ಕೊಡೆ ಬಿಚ್ಚುತ್ತದೆ. ಹಳ್ಳಿಯವರು ಹುಡುಕಿಕೊಂಡು ಹೋಗುವ ಹುತ್ತದ ಅಣಬೆ ಇದೇ. ಆ ಕೊಡೆಯಡಿಯಿಂದ ಉದುರಿ ಗಾಳಿಗೆ ಹರಡಿ ತರಗೆಲೆಯ ಮೇಲೆ ಕೂರುವ ಬೀಜಾಣುವೇ ಹೊಸ ಸಂಸಾರಕ್ಕೆ ನೆರೆಮನೆಯ ಹೆಪ್ಪು. ಮದುವೆಯ ದಿಬ್ಬಣ ಮೊದಲು, ಹೆಪ್ಪು ಹಂಚುವುದು ಆಮೇಲೆ. ನಡುವಣ ಅಂತರ ಮೊದಲ ಮರಿಗಳು ಬೆಳೆಯಲು ಬೇಕಾದಷ್ಟು. ಇಬ್ಬರಿಗೂ ಪಂಚಾಂಗ ಒಂದೇ, ಅದು ಮಳೆ. ಇಷ್ಟು ನಾಜೂಕಾದ ಕಟ್ಟಳೆ 3 ಕೋಟಿ ವರ್ಷ ನಡೆದುಬಂದಿದೆಯೆಂದರೆ ನಂಬುವುದೇ ಕಷ್ಟ.

ಎಲ್ಲ ಗೆದ್ದಲೂ ಹೀಗಲ್ಲ. ಗೌರಿಬಿದನೂರಿನ ಕಡಲೆಕಾಯಿ ಹೊಲದಲ್ಲಿ ಹುತ್ತ ಕಟ್ಟದೆ ನೆಲದೊಳಗೇ ಇದ್ದು ಬೇರು ಕಡಿಯುವ ಮೈಕ್ರೋಟರ್ಮಿಸ್ ಎಂಬ ಸಣ್ಣ ಗೆದ್ದಲಿನ ರಾಣಿ ಹೆಪ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹಾರುತ್ತದೆ. ಅದಕ್ಕೆ ನೆರೆಹೊರೆಯ ಹಂಗಿಲ್ಲ.

ಈ ಭೇದದಲ್ಲಿ ನಮಗೆ ಸಂಬಂಧಿಸಿದ ಒಂದು ಮಾತು ಅಡಗಿದೆಯೆಂದು ನನಗೆ ತೋರುತ್ತದೆ. ಗೆದ್ದಲು ಶತ್ರುವೆಂದು ನಾವು ಔಷಧ ಸುರಿಯುವುದು ಕಣ್ಣಿಗೆ ಬೀಳುವ ಹುತ್ತಕ್ಕೆ. ಹುತ್ತದ ಗೆದ್ದಲು ಬೆಳೆಗೆ, ಬಾಗಿಲುವಾಡಕ್ಕೆ, ಪುಸ್ತಕದ ಕಪಾಟಿಗೆ ಬೀಳುವುದಿಲ್ಲವೆಂದು ನಾನು ವಾದಿಸುವುದಿಲ್ಲ. ನನ್ನ ಕಪಾಟಿನ ಕೆಳಗಣ ಸಾಲಿನ ಪುಸ್ತಕಗಳು ಸಾಕ್ಷಿ ಹೇಳಿಯಾವು. ಆದರೂ ಅದು ಹೆಚ್ಚಾಗಿ ತಿನ್ನುವುದು ಸತ್ತ ಕಡ್ಡಿ, ಒಣ ಹುಲ್ಲು. ಹುತ್ತಗಳು ಒಂದೊಂದಾಗಿ ಬಯಲಿನಿಂದ ಹೋದಂತೆಲ್ಲ ನೆರೆಯಿಂದ ಹೆಪ್ಪು ತರಬೇಕಾದ ಗೆದ್ದಲಿಗೆ ನೆರೆ ದೂರವಾಗುತ್ತದೆ. ಹೆಪ್ಪನ್ನು ಜೊತೆಯಲ್ಲಿಯೇ ಒಯ್ಯುವ, ಬೇರು ಕಡಿಯುವ ಸಣ್ಣ ಗೆದ್ದಲಿಗೆ ಇದರಿಂದ ಏನೂ ತೊಡಕಿಲ್ಲ. ಇದು ನನ್ನ ಲೆಕ್ಕಾಚಾರ. ರೈತರು ತಮ್ಮ ಅನುಭವದೊಡನೆ ತಾಳೆ ನೋಡಿಕೊಳ್ಳಲಿ.

ಅಣಬೆಯ ವಿಷಯವೂ ಹೀಗೆಯೇ. ಚಿಪ್ಪಣಬೆಯನ್ನು ಬತ್ತದ ಹುಲ್ಲಿನ ಮೇಲೆ ಯಾರು ಬೇಕಾದರೂ ಬೆಳೆಯಬಹುದು. ಹುತ್ತದ ಅಣಬೆ ಮಾತ್ರ ಮನುಷ್ಯನ ಕೈಗೆ ಇಂದಿಗೂ ಒಲಿದಿಲ್ಲ. ಬೂಷ್ಟಿನ ನೂಲನ್ನು ಪ್ರಯೋಗಶಾಲೆಯಲ್ಲಿ ಬೆಳೆಸಬಹುದು, ಆದರೆ ಅದು ಕೊಡೆ ಬಿಚ್ಚಿ ಮಾರುಕಟ್ಟೆಗೆ ಬರುವಂತೆ ಮಾಡುವ ಗುಟ್ಟು ಗೆದ್ದಲಿಗೇ ಗೊತ್ತು. ರುಚಿ ಬಲ್ಲವರು ಕೊಡೆ ಬಿಚ್ಚುವ ಮೊದಲೇ, ಮೊಗ್ಗಾಗಿರುವಾಗಲೇ ಕೀಳುತ್ತಾರೆ. ಅಂದರೆ ಬೀಜಾಣು ಉದುರುವ ಮೊದಲೇ. ಒಂದು ಹುತ್ತದಲ್ಲಿ ನಾಲ್ಕು ಕೊಡೆಗಳನ್ನು ಬಿಚ್ಚಲು ಬಿಟ್ಟು ಉಳಿದವನ್ನು ಒಯ್ದರೆ ಸಾರಿಗೆ ಏನೂ ಕೊರತೆಯಾಗದು. (ಗುರುತು ಬಲ್ಲ ಹಿರಿಯರು ಜೊತೆಯಲ್ಲಿಲ್ಲದೆ ಕಾಡಿನ ಅಣಬೆಯನ್ನು ಪಟ್ಟಣದ ಓದುಗರು ಕಿತ್ತು ತಿನ್ನಬಾರದು. ಪ್ರಾಣಕ್ಕೆ ಅಪಾಯವಾದ ಅಣಬೆಗಳು ನೋಡಲು ಇವುಗಳಷ್ಟೇ ಮುದ್ದಾಗಿರುತ್ತವೆ.)

ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಸಾಲುಸಾಲಾಗಿ ನಿಂತ ನಾಗರಕಲ್ಲುಗಳನ್ನು ಕಂಡವರು, ನಾಗರಪಂಚಮಿಯಂದು ಹುತ್ತಕ್ಕೆ ತನಿಯೆರೆದವರು, ಹುತ್ತವನ್ನು ಹಾವಿನ ಮನೆಯೆಂದೇ ಭಾವಿಸುತ್ತಾರೆ. ಹಾವು ಹಳೆಯ ಹುತ್ತದಲ್ಲಿ ಬಾಡಿಗೆ ಕೊಡದ ಬಿಡಾರಗಾರ ಅಷ್ಟೆ. ಗೆದ್ದಲು ಕಟ್ಟಿದ ಮನೆಗೆ ಹಾವು ಸೇರಿತೆಂದು ಗಾದೆಯೇ ಇದೆ. ನಮ್ಮ ಹಿರಿಯರ ಇನ್ನೊಂದು ಆಚಾರ ನನಗೆ ಹೆಚ್ಚು ಇಷ್ಟ. ಮದುವೆ ಮುಂಜಿಗಳಲ್ಲಿ ಅಂಕುರಾರ್ಪಣೆಗೆ ಹುತ್ತದ ಮಣ್ಣನ್ನು ತಂದು ಅದರಲ್ಲಿ ನವಧಾನ್ಯ ಬಿತ್ತುತ್ತಾರೆ. ವರಾಹಮಿಹಿರನಂತೂ ಬೃಹತ್ಸಂಹಿತೆಯಲ್ಲಿ ನೆಲದಡಿಯ ನೀರಿಗೆ ಹುತ್ತವನ್ನೇ ಗುರುತಾಗಿ ಹೇಳಿದ್ದಾನೆ. ಸಾವಿರ ಅಡಿ ಕೊರೆದರೂ ನೀರು ಸಿಕ್ಕದ ಬಾವಿಗಳಿರುವ ಈ ಜಿಲ್ಲೆಯಲ್ಲಿ ಅವನ ಗುರುತು ಇಂದು ಎಷ್ಟು ಫಲಿಸೀತೋ ಹೇಳಲಾರೆ. ಗೆದ್ದಲು ತೇವವನ್ನು ಅರಸಿ ಆಳಕ್ಕೆ ಇಳಿಯುವುದಂತೂ ನಿಜ.

ಶ್ರಾವಣ ಕಳೆದ ಮೇಲೆ ಅದೇ ದಾರಿಯಲ್ಲಿ ಮತ್ತೊಮ್ಮೆ ಹೋಗಬೇಕಾಯಿತು. ಈ ಸಲ ಬೇಕೆಂದೇ ಇಳಿದೆ. ಹೊಲ ಮಟ್ಟವಾಗಿ ದ್ರಾಕ್ಷಿಯ ಚಪ್ಪರಕ್ಕೆ ಕಲ್ಲುಕಂಬ ನೆಟ್ಟಿದ್ದರು. ಬದುವಿಗೆ ಸೇರಿದ ಹುತ್ತದ ಅರ್ಧ ಹಾಗೆಯೇ ನಿಂತಿತ್ತು. ಅದರ ಗಾಯದ ಮೇಲೆ ಹಸಿಮಣ್ಣಿನ ತೇಪೆಯಿದ್ದೀತೆಂದು ಹುಡುಕಿದೆ. ಇರಲಿಲ್ಲ. ಸೀಳಿನೊಳಕ್ಕೆ ಔಷಧ ಹುಯ್ದಿದ್ದೆವೆಂದು ಅಲ್ಲಿದ್ದ ಆಳು ಹೇಳಿದ. ಮಳೆಗೆ ನೆನೆದ ಆ ಮಣ್ಣಿನ ಬಿರುಕುಗಳಿಂದ ಬೆರಳುದ್ದದ ಕಪ್ಪು ಕಡ್ಡಿಗಳು ಹತ್ತಾರು ಎದ್ದು ನಿಂತಿದ್ದವು, ತುದಿಯಲ್ಲಿ ಬೂದಿ ಮೆತ್ತಿದಂತೆ ಬಿಳುಪು. ಹೂಳುವವರಿಲ್ಲದ ಹೊಲದಲ್ಲಿ ಕಳೆ ಎದ್ದಿತ್ತು. ಇದು ಯಾವ ಗಿಡ ಸ್ವಾಮಿ, ಎಂದು ಕೇಳಿದ ಆ ಆಳು. ಒಂದನ್ನು ಕಿತ್ತು ಮೂಸಿ ನೋಡಿ, ಬೆರಳನ್ನು ಪಂಚೆಗೆ ಒರಸಿಕೊಂಡ.